ಫಿಲೆಟ್ ಎಂದರೆ ಮೀನಿನ ಹೆಸರೇ?

ಪ್ರಶ್ನೆ: ನನ್ನ ತವರು ಉಡುಪಿ ಕಡೆ. ಮದುವೆಯಾಗಿ ಪುಣೆ ಜಿಲ್ಲೆಯ ಶಿರೂರಿಗೆ ಬಂದಿದ್ದೇನೆ. ಇಲ್ಲಿ ನಮ್ಮ ಮಾಂಜಿ ಮೀನಿಗೆ ಪಾಪ್ಲೆಟ್ ಅನ್ನುತ್ತಾರೆ. ಹಾಗಾಗಿ ‘ಬಾಸಾ ಫಿಲೆಟ್’ ಪೊಟ್ಟಣ ಕಂಡಾಗ ಅದೂ ಒಂದು ಮೀನಿನ ಹೆಸರೆಂದು ತಂದೆ. ನೋಡಿದರೆ ಮುಳ್ಳೇ ಇಲ್ಲ! ಔಷಧ ಹಾಕಿ ಮುಳ್ಳು ಕರಗಿಸಿದ್ದಾರೆಯೇ? ನಾಲ್ಕು ವರ್ಷದ ಮಗನಿಗೆ ಕೊಡಲು ಹೆದರಿಕೆ. ರಾಂಜಣಗಾಂವ್ ಕಾರ್ಖಾನೆಗೆ ಹೋಗುವ ನಮ್ಮವರು ‘ಫಿಲೆಟ್ ಅಂದರೆ ವೆಲ್ಡಿಂಗ್’ ಅನ್ನುತ್ತಾರೆ.
– ಓದುಗರೊಬ್ಬರು, ಶಿರೂರು (ಪುಣೆ)

ಉತ್ತರ: ಮಗುವಿನ ಬಾಯಿಗೆ ಹೋಗುವ ಪದಾರ್ಥ ಏನೆಂದೇ ತಿಳಿಯದಿದ್ದರೆ ಯಾವ ತಾಯಿಯ ಕೈಯೂ ಹಿಂಜರಿಯುತ್ತದೆ. ನೀವು ಕೇಳಿದ್ದು ಒಳ್ಳೆಯದಾಯಿತು. ಸಮಾಧಾನವಾಗಿರಿ, ಮುಳ್ಳು ತೆಗೆಯಲು ಔಷಧ ಬೇಡ, ಹರಿತವಾದ ಚೂರಿ ಸಾಕು.

ಬಾಸಾ ಎಂಬುದು ಮೀನು. ಫಿಲೆಟ್ ಎಂಬುದು ಕೊಯ್ದ ಬಗೆ. ಊರಿನಲ್ಲಿ ಅಂಜಲ್ ಮೀನನ್ನು ಅಡ್ಡಕ್ಕೆ ಕೊಯ್ಯುವುದನ್ನು ನೀವು ಕಂಡಿದ್ದೀರಿ. ಪ್ರತಿ ತುಂಡಿನ ನಡುವೆ ಮುಳ್ಳು ಉಳಿಯುತ್ತದೆ. ಫಿಲೆಟ್ ಮಾಡುವವರು ಬೆನ್ನುಮುಳ್ಳಿಗೆ ತಾಗಿಸಿ ಚೂರಿಯನ್ನು ತಲೆಯ ಹಿಂದಿನಿಂದ ಬಾಲದವರೆಗೆ ಉದ್ದಕ್ಕೆ ಎಳೆಯುತ್ತಾರೆ. ಎರಡು ಬದಿಯ ಮಾಂಸ ಎರಡು ಪಟ್ಟಿಗಳಾಗಿ ಬಿಡಿಸಿಕೊಳ್ಳುತ್ತದೆ, ಮುಳ್ಳಿನ ಹಂದರ ಹಿಂದೆ ಉಳಿಯುತ್ತದೆ.

ಪದದ ಮೂಲ ಲ್ಯಾಟಿನ್ನಿನ ‘ಫೀಲುಂ’, ಅಂದರೆ ದಾರ. ಫ್ರೆಂಚಿನಲ್ಲಿ ಅದು ‘ಫಿಲೆ’ (ಸಣ್ಣ ಎಳೆ) ಆಯಿತು. ಇಂಗ್ಲಿಷಿಗೆ ಬಂದಾಗ ತಲೆಗೆ ಕಟ್ಟುವ ಪಟ್ಟಿಗೂ ಅದೇ ಹೆಸರು, ಎಲುಬಿಲ್ಲದ ಮಾಂಸದ ಪಟ್ಟಿಗೂ ಅದೇ ಹೆಸರು. ಬಲ್ಬಿನ ಫಿಲಮೆಂಟ್ (ಉರಿಯುವ ತಂತು) ಈ ಮನೆಯದೇ. ಕಚೇರಿಯ ಫೈಲ್ ಕೂಡ. ಹಿಂದೆ ಕಾಗದಗಳನ್ನು ದಾರಕ್ಕೆ ಪೋಣಿಸಿಡುತ್ತಿದ್ದರು. ನಿಮ್ಮವರು ಹೇಳಿದ್ದೂ ಸುಳ್ಳಲ್ಲ. ಎರಡು ತಗಡು ಕೂಡುವ ಮೂಲೆಗೆ ಪಟ್ಟಿಯಂತೆ ಲೋಹ ತುಂಬುವ ಬೆಸುಗೆಗೆ ಫಿಲೆಟ್ ವೆಲ್ಡ್ ಎನ್ನುತ್ತಾರೆ. ಫಿಲೆಟ್ ಅನ್ನಿ, ಫಿಲೆ ಅನ್ನಿ, ಎರಡೂ ಸರಿ.

ಆದರೆ ನಿಮ್ಮ ಹೆದರಿಕೆಯನ್ನು ಪೂರ್ತಿ ಬಿಡಬೇಡಿ. ಫಿಲೆಟ್‌ನಲ್ಲೂ ಕೆಲವೊಮ್ಮೆ ಸೂಜಿಯಂಥ ಸಣ್ಣ ಮುಳ್ಳು ಉಳಿದಿರುತ್ತದೆ. ಬೇಯಿಸುವ ಮುಂಚೆ ಪಟ್ಟಿಯ ಮೇಲೆ ಬೆರಳು ಒತ್ತಿ ಸವರಿ, ಚುಚ್ಚಿದ್ದನ್ನು ಕಿತ್ತುಬಿಡಿ. ಬಡಿಸುವಾಗ ಮತ್ತೊಮ್ಮೆ ಕೈಯಲ್ಲೇ ಬಿಡಿಸಿ ನೋಡಿ. ಅಕಸ್ಮಾತ್ ಗಂಟಲಿಗೆ ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸಬೇಡಿ, ಮುಳ್ಳು ಇನ್ನೂ ಆಳಕ್ಕೆ ನಾಟಬಹುದು. ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.