ದನಿಗಿಂತ ಮೊದಲು ನೋಟ ಕಲಿ ಮಗಳೇ

ಏಕವ್ಯಕ್ತಿ ನಾಟಕ ಕೈಗೆತ್ತಿಕೊಂಡಿದ್ದೀಯೆಂದು ಕೇಳಿ ತುಂಬ ಸಂತೋಷವಾಯಿತು. ಅದರಲ್ಲೂ ನಮ್ಮ ರೇಷ್ಮೆ ಬದುಕಿನ ಕತೆ. ಮಾಗಡಿ ಕಡೆಯ ಹಳ್ಳಿಯಿಂದ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಬರುವ ತಾಯಿ, ಅವಳ ಗಂಡ, ಕನಕಪುರದಲ್ಲಿ ಓದುವ ಮಗ, ಗೂಡು ಕೊಂಡು ನೂಲು ಬಿಚ್ಚಿಸುವ ರೀಲರ್, ಮನೆಯಲ್ಲಿ ಜಗಲಿ ಬಿಟ್ಟೇಳದ ಅತ್ತೆ. ಐವರಿಗೂ ಐದು ದನಿ ಸಿದ್ಧಮಾಡಿಕೊಂಡಿದ್ದೇನೆ ಅಂದೆಯಲ್ಲ, ನನ್ನ ಮಾತು ಇರುವುದು ಅದರ ಬಗ್ಗೆಯೇ.

ದನಿಯಿಂದ ಶುರು ಮಾಡಬೇಡ ಕಣಮ್ಮ. ಗಂಟಲು ನಡುಗಿಸಿದರೆ ಅತ್ತೆ, ಗಡಸು ಮಾಡಿದರೆ ಗಂಡ ಎಂದು ಹೊರಟರೆ ಮೊದಲ ಹತ್ತು ನಿಮಿಷ ಜನ ಮೆಚ್ಚುತ್ತಾರೆ. ಆಮೇಲೆ ಅವರ ಕಿವಿ ದಣಿಯುತ್ತದೆ. ಒಬ್ಬಳೇ ಆಡುವ ನಾಟಕದಲ್ಲಿ ಪಾತ್ರ ಮೂಡುವುದು ಅದು ಯಾರನ್ನು ನೋಡಿ ಮಾತಾಡುತ್ತಿದೆ, ಯಾರ ಮಾತು ಕೇಳಿಸಿಕೊಳ್ಳುತ್ತಿದೆ ಎನ್ನುವುದರಿಂದ. ರಂಗದ ಮೇಲೆ ಇಲ್ಲದ ಮನುಷ್ಯ ನಿನ್ನ ಕಣ್ಣಿಗೆ ಕಂಡರೆ ಮಾತ್ರ ನೋಡುವವರಿಗೂ ಕಾಣುತ್ತಾನೆ.

ನಮ್ಮ ಹರಿಕಥೆ ದಾಸರಿಗೆ ಇದು ಚೆನ್ನಾಗಿ ಗೊತ್ತು. ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ, ಅದೇ ಪಂಚೆ, ಅದೇ ಹಾರ. ಅಷ್ಟರಲ್ಲೇ ರಾವಣನೂ ಆಗಬೇಕು, ಸೀತೆಯೂ ಆಗಬೇಕು. ಅಶೋಕವನದ ರಾವಣನ ನೋಟ ಕೆಳಗೆ ಕೂತವಳ ಮೇಲಿದ್ದರೆ, ಸೀತೆಯ ನೋಟ ನಡುವೆ ಇಟ್ಟುಕೊಂಡ ಹುಲ್ಲುಕಡ್ಡಿಯ ಮೇಲೆ. ಅವನ ಮುಖವನ್ನು ಅವಳು ನೋಡುವುದೇ ಇಲ್ಲ. ಆ ನೋಟ ಸರಿಯಾಗಿ ಬಿದ್ದ ಮೇಲೆ ದಾಸರು ದನಿ ಬದಲಿಸದಿದ್ದರೂ ಅಲ್ಲಿ ಸೀತೆ ಇರುತ್ತಾಳೆ.

ನಿನ್ನ ಮಾರುಕಟ್ಟೆಯ ದೃಶ್ಯವನ್ನೇ ತೆಗೆದುಕೊಳ್ಳೋಣ. ರೀಲರ್ ಬಂದು ರಾಶಿಯೊಳಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಗೂಡು ತೆಗೆಯುತ್ತಾನೆ. ಒಂದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾನೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಚೆನ್ನಾಗಿದ್ದರೆ ಲೊಟಲೊಟ ಸದ್ದು ಬರುತ್ತದೆ, ಸತ್ತು ಅಂಟಿಕೊಂಡಿದ್ದರೆ ಸದ್ದಿಲ್ಲ. ಆ ಹೊತ್ತಿಗೆ ತಾಯಿ ಎಲ್ಲಿ ನೋಡುತ್ತಿರುತ್ತಾಳೆ? ಅವನ ಬೆರಳನ್ನು. 25 ದಿನಕ್ಕೂ ಮೇಲೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ಹುಳ ಪೊರೆ ಬಿಡಲು ಜ್ವರಕ್ಕೆ ಕೂತಾಗ ಕಾದಿದ್ದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟವಳು ಅವಳು. ಆದ್ದರಿಂದ ರೀಲರ್ ಆಗಿ ಗೂಡು ಅಲ್ಲಾಡಿಸಿದ ಕೂಡಲೇ ಅವನ ಮಾತಿಗೆ ಹೋಗಬೇಡ. ತಾಯಿಯಾಗಿ ತಿರುಗು. ಆ ಸದ್ದನ್ನು ಅವಳ ಕಿವಿಯಿಂದ ಕೇಳು. ಅವಳು ಹಿಡಿದಿದ್ದ ಉಸಿರು ಬಿಡಲಿ. ಆಮೇಲೆ ಬರುತ್ತದಲ್ಲ ಒಂದು ದನಿ, ಅದು ಅವಳದು.

ಕತೆ ಯಾವ ಕಾಲದ್ದು ಎಂಬುದನ್ನೂ ತೀರ್ಮಾನಿಸಿಕೋ. ಕೂಗಿ ಹರಾಜು ಹಾಕುತ್ತಿದ್ದ ಕಾಲದಲ್ಲಿ ರೈತನೂ ರೀಲರೂ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದರು. ಈಗ ಬೆಲೆ ಕೂಗುವುದು ಮೊಬೈಲಿನಲ್ಲಿ. ಕತ್ತು ಬಗ್ಗಿಸಿ ನಿಂತ ರೀಲರ್‌ನ ಕಣ್ಣು ಆ ತಾಯಿಗೆ ಸಿಗುವುದೇ ಇಲ್ಲ. ಅದೊಂದು ವ್ಯತ್ಯಾಸದಿಂದ ಐವರ ಮೈಭಂಗಿಯೂ ಬದಲಾಗುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ರೀಲರ್‌ನ ಕನ್ನಡದಲ್ಲಿ ಉರ್ದು ಬೆರೆತಿರಬಹುದು. ಅದನ್ನು ನಗು ತರಿಸಲು ಬಳಸಬೇಡ, ಅವನನ್ನು ಕೇಡಿಗನನ್ನಾಗಿಯೂ ಮಾಡಬೇಡ. ನೂಲು ಬಿಚ್ಚುವ ಮನೆಗೆ ಹೋಗಿ ಒಂದು ಬೆಳಗ್ಗೆ ಕೂತು ಬಾ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಹೆಂಗಸರ ಬೆರಳುಗಳನ್ನು ನೋಡು. ಅವನ ತಲೆಯ ಮೇಲಿರುವ ಸಾಲ ತಾಯಿಗೆ ತಿಳಿಯದಿರಬಹುದು, ನಿನಗೆ ತಿಳಿದಿರಲೇಬೇಕು.

ತಾಲೀಮಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ಪಾರ್ಟು ಹಿಡಿದವರು ತಂತಮ್ಮ ಪಾರ್ಟು ಕಲಿಯುತ್ತಾರೆ, ಇಡೀ ನಾಟಕ ಬಾಯಲ್ಲಿರುವುದು ಹಾರ್ಮೋನಿಯಂ ಮೇಷ್ಟ್ರಿಗೆ. ನೀನು ಪಾರ್ಟಿನವಳೂ ಹೌದು, ಮೇಷ್ಟ್ರೂ ಹೌದು. ಹಾಗಾಗಿ ಒಬ್ಬಳೇ ಕೋಣೆಯಲ್ಲಿ ಕದ ಹಾಕಿಕೊಂಡು ಶುರು ಮಾಡಬೇಡ. ಮೊದಲು ನಾಲ್ವರು ಗೆಳೆಯರನ್ನು ಕರೆದು ಉಳಿದ ಪಾತ್ರಗಳನ್ನು ಅವರಿಂದ ಓದಿಸು. ಗಂಡನ ಪಾತ್ರ ಓದುವವನು ಎಷ್ಟೆತ್ತರ, ಎಷ್ಟು ದೂರ ನಿಂತ, ಅವನು ಗದರಿದಾಗ ನಿನ್ನ ಭುಜ ಏನು ಮಾಡಿತು, ಎಲ್ಲ ಮೈಗೆ ಹತ್ತಲಿ. ಆಮೇಲೆ ಒಬ್ಬೊಬ್ಬರನ್ನೇ ಕಳಿಸುತ್ತಾ ಬಾ. ಅವನು ಹೋದ ಮೇಲೂ ಅವನಿದ್ದ ಎತ್ತರಕ್ಕೇ ನಿನ್ನ ಕಣ್ಣು ಹೋಗಬೇಕು. ಜಗಲಿಯ ಮೇಲೆ ಕೂತ ಅತ್ತೆಯ ಜಾಗವನ್ನು ಸುಣ್ಣದಿಂದ ಗುರುತು ಮಾಡಿಕೋ. ಗುರುತು ಅಳಿಸಿದ ಮೇಲೂ ಕಾಲು ಅಲ್ಲೇ ನಿಲ್ಲುವವರೆಗೂ ಬಿಡಬೇಡ. ಕೆಲವು ದಿನ ತುಟಿ ಬಿಚ್ಚದೆ ಇಡೀ ನಾಟಕ ಆಡು. ಎದುರಿನವರ ಮಾತು ಮನಸ್ಸಿನಲ್ಲಿ ಓಡಲಿ, ನೀನು ಕೇಳಿಸಿಕೊಳ್ಳುತ್ತಾ ಹೋಗು. ಬೇಸರ ಬರುತ್ತದೆ, ಆದರೂ ಮಾಡು. ಸೀರೆ, ಟವೆಲ್, ಊರುಗೋಲು ಎಲ್ಲ ಕಡೆಗೆ. ಸೆರಗೊಂದರಲ್ಲೇ ಆಗುವ ಕೆಲಸಕ್ಕೆ ಗಂಟು ಹೊರಬೇಡ.

ಒಬ್ಬರೇ ಆಡುವವರೆಲ್ಲ ಒಂದೇ ದಾರಿ ಹಿಡಿದವರಲ್ಲ. ಉಮಾಶ್ರೀ ಅವರ ‘ಶರ್ಮಿಷ್ಠೆ’ಯಲ್ಲಿ ಒಬ್ಬ ಹೆಣ್ಣು ತನ್ನ ಬದುಕನ್ನು ಹೇಳಿಕೊಳ್ಳುತ್ತಾಳೆ. ಲಕ್ಷ್ಮೀ ಚಂದ್ರಶೇಖರ್ ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ಕಂಬಾರರ ಕಾದಂಬರಿಯನ್ನೇ ಒಬ್ಬರೇ ರಂಗಕ್ಕೆ ತಂದರು. ನಿನ್ನದು ಈ ಎರಡನೆಯದರ ಹತ್ತಿರ. ಇನ್ನು ಹೆಸರಿನ ಮೊದಲ ಅಕ್ಷರದಲ್ಲೇ ನಮ್ಮ ಚನ್ನಪಟ್ಟಣವನ್ನು ಇಟ್ಟುಕೊಂಡಿದ್ದ ಸಿ.ಆರ್. ಸಿಂಹ (1942–2014) ಇದ್ದಾರೆ. ‘ತುಘಲಕ್’ನ ತುಂಬಿದ ದರ್ಬಾರಿನಲ್ಲಿ ಸುಲ್ತಾನನಾಗಿ ಮೆರೆದವರು ‘ಟಿಪಿಕಲ್ ಟಿ.ಪಿ. ಕೈಲಾಸಂ’ಗಾಗಿ ಒಂಟಿಯಾಗಿ ನಿಂತರು. ಆ ಕೈಲಾಸಂ ತಾವಾದರೂ ಹೇಗೆ ನಾಟಕ ಕಟ್ಟಿದರು? ಪಾತ್ರಗಳನ್ನೆಲ್ಲ ತಾವೇ ಆಡುತ್ತಾ ಹೇಳುತ್ತಿದ್ದರು, ಸುತ್ತ ಕೂತ ಗೆಳೆಯರು ಬರೆದುಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಪ್ರತಿಭೆಗೂ ಎದುರಿಗೆ ಕೇಳುವ ಕಿವಿ ಬೇಕಿತ್ತು. ನಿನಗೂ ಬೇಕು. ಕನ್ನಡಿ ಮುಂದೆ ತಾಲೀಮು ಮಾಡಬೇಡ. ಕನ್ನಡಿಯಲ್ಲಿ ನಿನಗೆ ನೀನೇ ಕಾಣುತ್ತೀಯೆ ಹೊರತು ರೀಲರ್ ಕಾಣುವುದಿಲ್ಲ.

ಬೆಂಗಳೂರಿನ ರಂಗಮಂದಿರಕ್ಕೆ ಹೋಗುವ ಮೊದಲು ಹುಳ ಸಾಕುವ ಮನೆಯೊಂದರ ಅಂಗಳದಲ್ಲಿ ಒಮ್ಮೆ ಆಡು. ಸೊಪ್ಪು ಹಾಕಿ ಮುಗಿದ ಹೊತ್ತು ನೋಡಿ ಜನರನ್ನು ಕರೆ. ಒಬ್ಬಿಬ್ಬರು ರೀಲರ್‌ಗಳನ್ನೂ ಕರೆ. ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸು. ಅವಳ ಕೆಲಸ ಒಂದೇ, ನಿನ್ನನ್ನು ಬಿಟ್ಟು ನೋಡುವವರನ್ನು ನೋಡುವುದು. ತಾಯಿ ಬೇಡಿಕೊಳ್ಳುವಾಗ ಅವರ ಕಣ್ಣು ರೀಲರ್ ನಿಂತ ಖಾಲಿ ಜಾಗಕ್ಕೆ ಹೊರಳಿತೋ, ಅಥವಾ ನಿನ್ನ ಮೇಲೇ ಉಳಿಯಿತೋ ಎಂದು ಅವಳು ಬರೆದುಕೊಳ್ಳಲಿ. ಎಲ್ಲೆಲ್ಲಿ ನಿನ್ನ ಮೇಲೇ ಉಳಿಯಿತೋ ಆ ದೃಶ್ಯಗಳನ್ನು ಮತ್ತೆ ತಾಲೀಮಿಗೆ ತೆಗೆದುಕೋ. ನನಗೂ ಹೇಳಿ ಕಳಿಸು, ಬಂದು ಅತ್ತೆಯ ಮಾತುಗಳನ್ನು ನಾನೇ ಓದುತ್ತೇನೆ.