ಮುಲಾಮಿನಲ್ಲಿ 'ಆಲ್ಕೊಹಾಲ್' ಇದ್ದರೆ ಹೆದರಬೇಕೇ?

ಅಡಿಕೆ ಸುಲಿಯುವ ಕೆಲಸದವರೊಬ್ಬರು ಮೊನ್ನೆ ಮುಲಾಮಿನ ಟ್ಯೂಬು ಹಿಡಿದುಕೊಂಡು ಬಂದಿದ್ದರು. ಅಂಗೈ, ಹಿಮ್ಮಡಿ ಎರಡೂ ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. "ಫಾದರ್, ನಾನು ಕುಡಿತ ಬಿಟ್ಟು ನಾಲ್ಕು ವರ್ಷವಾಯಿತು. ಇದರಲ್ಲಿ ಆಲ್ಕೊಹಾಲ್ ಉಂಟೆಂದು ಮಗ ಓದಿ ಹೇಳಿದ. ಹದಿನೈದು ದಿನದಿಂದ ಮುಟ್ಟಲಿಲ್ಲ" ಎಂದರು. ನೋಡಿದರೆ, ಟ್ಯೂಬಿನ ಮೇಲಿದ್ದದ್ದು 'ಸೆಟೊಸ್ಟಿಯರಿಲ್ ಆಲ್ಕೊಹಾಲ್'.

ರಸಾಯನಶಾಸ್ತ್ರದಲ್ಲಿ ಆಲ್ಕೊಹಾಲ್ ಎಂಬುದು ಒಂದು ದೊಡ್ಡ ಮನೆತನದ ಹೆಸರು. ಗ್ಲಿಸರಿನ್ ಕೂಡ ಅದೇ ಮನೆತನದ್ದು. ಸಾರಾಯಿಯಲ್ಲಿರುವ ಎಥನಾಲಿನ ಅಣುವಿನಲ್ಲಿ ಇಂಗಾಲದ ಪರಮಾಣುಗಳು 2 ಮಾತ್ರ. ಸೀಟೈಲ್ ಆಲ್ಕೊಹಾಲಿನಲ್ಲಿ 16, ಸ್ಟಿಯರಿಲ್‌ನಲ್ಲಿ 18. ಇವೆರಡರ ಮಿಶ್ರಣವೇ ಸೆಟೊಸ್ಟಿಯರಿಲ್. ಇದು ಮೇಣದಂತಹ ಬಿಳಿ ಪದಾರ್ಥ. ನೀರಿನಲ್ಲಿ ಕರಗದು, ಅಮಲು ಬರಿಸದು. ಎಣ್ಣೆ ಮತ್ತು ನೀರು ಬೇರ್ಪಡದಂತೆ ಮುಲಾಮನ್ನು ಗಟ್ಟಿಯಾಗಿ ಹಿಡಿದಿಡುವುದು ಇದರ ಕೆಲಸ. ಚರ್ಮದ ಮೇಲೆ ತೆಳು ಪದರವಾಗಿ ನಿಂತು ಒಳಗಿನ ತೇವ ಹಾರಿಹೋಗುವುದನ್ನೂ ಕಡಿಮೆ ಮಾಡುತ್ತದೆ.

1817ರಲ್ಲಿ ಫ್ರಾನ್ಸಿನ ಶೆವ್ರಲ್ ಎಂಬ ವಿಜ್ಞಾನಿ ಸೀಟೈಲ್ ಆಲ್ಕೊಹಾಲನ್ನು ಪಡೆದದ್ದು ತಿಮಿಂಗಿಲದ ತಲೆಯಲ್ಲಿ ಸಿಗುವ ಮೇಣದಿಂದ. ಹೆಸರೂ ತಿಮಿಂಗಿಲಕ್ಕಿರುವ ಲತೀನ್ ಪದದಿಂದಲೇ ಬಂದಿದೆ. ಸೆಮಿನರಿಯಲ್ಲಿ ಕಲಿತ ಲತೀನ್ ಹೀಗೂ ಉಪಯೋಗಕ್ಕೆ ಬಂತು! ಈಗ ಇದನ್ನು ಹೆಚ್ಚಾಗಿ ತಾಳೆ ಎಣ್ಣೆಯಿಂದ ಮಾಡುತ್ತಾರೆ. ನಮ್ಮ ತೆಂಗಿನೆಣ್ಣೆಯಿಂದ ಮುಖ್ಯವಾಗಿ ಸಿಗುವುದು 12 ಇಂಗಾಲದ ಲಾರಿಲ್ ಆಲ್ಕೊಹಾಲ್. ಶಾಂಪೂವಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟನ್ನು ಅದರಿಂದ ತಯಾರಿಸುತ್ತಾರೆ. ವಿಚಿತ್ರವೆಂದರೆ, ಆ ನೊರೆ ಚರ್ಮವನ್ನು ಒಣಗಿಸುತ್ತದೆ.

ಬಿರುಕು ಬಿಟ್ಟ ಚರ್ಮಕ್ಕೆ ಉರಿ ತರುವುದು ಎಥನಾಲ್, ಐಸೊಪ್ರೊಪೈಲ್ ಆಲ್ಕೊಹಾಲ್ ಮೊದಲಾದವು. ಪಟ್ಟಿಯ ಆರಂಭದಲ್ಲೇ 'ಆಲ್ಕೊಹಾಲ್ ಡೆನಾಟ್' ಎಂದಿದ್ದರೆ ಅಂಥದ್ದನ್ನು ಬಿಡಿ.

ಆದರೆ ಸೆಟೊಸ್ಟಿಯರಿಲ್ ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಹೇಳಲಾರೆ. ಕೆಲವರಿಗೆ, ವಿಶೇಷವಾಗಿ ಕಾಲಿನಲ್ಲಿ ಬಹುಕಾಲದ ಹುಣ್ಣು ಇರುವವರಿಗೆ, ಇದರಿಂದಲೂ ಕುರಿ ಉಣ್ಣೆಯ ಲ್ಯಾನೊಲಿನ್‌ನಿಂದಲೂ ಅಲರ್ಜಿ ಆಗುವುದುಂಟು. ಮೊದಲು ಮೊಣಕೈಯ ಒಳಬದಿಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಸ್ವಲ್ಪ ಹಚ್ಚಿ ನೋಡಿ. ತುರಿಕೆ, ಕೆಂಪು ಕಂಡರೆ ನಿಲ್ಲಿಸಿ.

ಹಚ್ಚುವ ಹೊತ್ತೂ ಮುಖ್ಯ. ರಾತ್ರಿ ಕಾಲು ತೊಳೆದು, ಒರೆಸಿ, ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಸಕ್ಕರೆ ಕಾಯಿಲೆ ಇರುವವರು, ಬಿರುಕಿನಲ್ಲಿ ಕೀವು ತುಂಬಿದವರು ಮುಲಾಮನ್ನು ನಂಬಿ ಕೂರದೆ ಅದೇ ದಿನ ವೈದ್ಯರಿಗೆ ತೋರಿಸಬೇಕು.