ಕರೆಂಟ್ ಬಿಲ್ಲು ಶುರುವಾಗುವುದು ಕಾಟಾದ ಮೇಲೆ

ಬೀದರ್‌ನ ಗಾಂಧಿ ಗಂಜ್‌ನಲ್ಲಿ ದಾಲ್ ಮಿಲ್ ನಡೆಸುವವರ ಪಕ್ಕ ಹತ್ತು ನಿಮಿಷ ಕೂತರೆ ಎರಡು ವಿಷಯ ಕಿವಿಗೆ ಬಿದ್ದೇ ಬೀಳುತ್ತವೆ: ಇವತ್ತಿನ ತೊಗರಿ ದರ, ಈ ತಿಂಗಳ ಜೆಸ್ಕಾಂ ಬಿಲ್ಲು. ದರದ ಲೆಕ್ಕ ಮುನೀಮನದು, ಬಿಲ್ಲಿನ ತಲೆನೋವು ಎಲೆಕ್ಟ್ರಿಷಿಯನ್‌ನದು. ಇಬ್ಬರೂ ಒಂದೇ ಮೇಜಿನ ಮುಂದೆ ಕೂರುವುದು ಅಪರೂಪ. ದುಡ್ಡು ಸೋರುವುದು ಸರಿಯಾಗಿ ಇವರಿಬ್ಬರ ನಡುವೆಯೇ. ಕ್ವಿಂಟಲ್‌ಗೆ ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಕೊಂಡ ಹಸಿ ಕಾಳು ರೋಲರ್ ಮೇಲೆ ಒಂದು ಸುತ್ತು ಹೆಚ್ಚೇ ಓಡುತ್ತದೆ. ಉಳಿಸಿದ ನೂರನ್ನು ಬಿಲ್ಲಿನಲ್ಲೂ ನುಚ್ಚಿನಲ್ಲೂ ಕಕ್ಕಿಸುತ್ತದೆ.

ಬೀದರ್ ನಗರ, ಭಾಲ್ಕಿ, ಔರಾದ್ ಸುತ್ತಿನ ಸಣ್ಣ ಮತ್ತು ಮಧ್ಯಮ ದಾಲ್ ಮಿಲ್‌ಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಮಾಹಿತಿ ಇದು. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಲೆಕ್ಕವೇ ಬೇರೆ. ಕಬ್ಬಿನ ಸಿಪ್ಪೆ ಸುಟ್ಟು ತನಗೆ ಬೇಕಾದ ಕರೆಂಟನ್ನು ಸಕ್ಕರೆ ಕಾರ್ಖಾನೆ ತಾನೇ ಮಾಡಿಕೊಳ್ಳಬಲ್ಲದು. ದಾಲ್ ಮಿಲ್‌ಗೆ ಆ ಭಾಗ್ಯವಿಲ್ಲ. ತೊಗರಿ ಹೊಟ್ಟು, ಚುನ್ನಿ ಒಲೆಗೆ ಹೋಗುವುದಕ್ಕಿಂತ ಎಮ್ಮೆಯ ಗೋದಲಿಗೆ ಹೋದರೇ ಹೆಚ್ಚು ದುಡ್ಡು.

ಹೆಜ್ಜೆ 1: ಒಂದೇ ಒಂದು ಅಂಕಿ ಹಿಡಿಯಿರಿ

ಬೆಳಿಗ್ಗೆ ಮಿಲ್ ಚಾಲೂ ಮಾಡುವ ಮುಂಚೆ, ಸಂಜೆ ಬಂದ್ ಮಾಡಿದ ಮೇಲೆ ಮೀಟರ್ ರೀಡಿಂಗ್ ಬರೆದಿಡಿ. ಪಕ್ಕದಲ್ಲೇ ಎಷ್ಟು ಕಾಳು ಒಳಹೋಯಿತು, ಎಷ್ಟು ಬೇಳೆ ಹೊರಬಂತು ಎಂಬುದನ್ನೂ ಬರೆಯಿರಿ. ಕಾಳಿಗೆ ಎಣ್ಣೆ ಹಚ್ಚಿ, ರಾಶಿ ಹಾಕಿ, ಒಣಗಿಸಿ, ಮತ್ತೆ ರೋಲರ್‌ಗೆ ಕೊಡುವ ಹಳೆಯ ಪದ್ಧತಿಯಲ್ಲಿ ಒಂದು ಲಾಟ್ ಮುಗಿಯಲು ಮೂರರಿಂದ ಏಳು ದಿನ ಬೇಕು. ಹಾಗಾಗಿ ದಿನದ ಲೆಕ್ಕ ದಾರಿ ತಪ್ಪಿಸುತ್ತದೆ, ಲಾಟ್‌ವಾರು ಲೆಕ್ಕ ಹಾಕಿ. ಸಿಗಬೇಕಾದ ಅಂಕಿ ಇಷ್ಟೇ: ಒಂದು ಕ್ವಿಂಟಲ್ ಬೇಳೆಗೆ ಎಷ್ಟು ಯೂನಿಟ್?

ಭಾಗಿಸುವುದು ಬೇಳೆಯ ತೂಕದಿಂದಲೇ ಆಗಬೇಕು, ಕಾಳಿನ ತೂಕದಿಂದ ಬೇಡ. ನೂರು ಕಿಲೋ ತೊಗರಿಗೆ 70 ಕಿಲೋ ಬೇಳೆ ಬರುವ ಮಿಲ್‌ನಲ್ಲಿ ಒಂದು ಕ್ವಿಂಟಲ್ ಬೇಳೆಗೆ 143 ಕಿಲೋ ಕಾಳು ಓಡಬೇಕು. ಇಳುವರಿ 75ಕ್ಕೆ ಏರಿದರೆ 133 ಕಿಲೋ ಸಾಕು. ಒಂದು ಮೋಟಾರನ್ನೂ ಮುಟ್ಟದೆ ಶೇ 7ರಷ್ಟು ಕರೆಂಟ್ ಉಳಿಯಿತು, ಬೇಳೆ ಹೆಚ್ಚಿದ್ದು ಬೇರೆ. ಮೈಸೂರಿನ ಸಿಎಫ್‌ಟಿಆರ್‌ಐ ರೂಪಿಸಿದ ಪದ್ಧತಿಯಲ್ಲಿ ಕಾಳನ್ನು ಬಿಸಿಗಾಳಿಯಲ್ಲಿ ಹದ ಮಾಡಿ, ಹೊಟ್ಟು ಸಡಿಲವಾದ ಮೇಲೆ ರೋಲರ್‌ಗೆ ಕೊಡುತ್ತಾರೆ. ಅದರಲ್ಲಿ ಇಳುವರಿ 80ರ ಆಸುಪಾಸು ಹೋಗುತ್ತದೆ, ಬಿಸಿಲಿಗಾಗಿ ಕಾಯುವುದೂ ತಪ್ಪುತ್ತದೆ.

ಹೆಜ್ಜೆ 2: ಗೇಟಿನಲ್ಲೇ ನೀರು ಅಳೆಯಿರಿ

ಕಾಳನ್ನು ಹಲ್ಲಲ್ಲಿ ಕಡಿದು ತೇವ ಹೇಳುವ ಹಿರಿಯರು ಗಂಜ್‌ನಲ್ಲಿ ಇನ್ನೂ ಇದ್ದಾರೆ, ಅವರ ಅಂದಾಜು ತಪ್ಪುವುದೂ ಕಡಿಮೆ. ಆದರೆ ಹಲ್ಲಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆಯಲಾಗದು. ತೇವಾಂಶ ಮಾಪಕವೊಂದನ್ನು ಕಾಟಾದ ಪಕ್ಕದಲ್ಲೇ ಇಡಿ. ಪ್ರತಿ ಲೋಡಿನ ಹತ್ತಾರು ಚೀಲದಿಂದ, ಮೇಲಿನಿಂದಲೂ ತಳದಿಂದಲೂ ಬಂಬು ಹಾಕಿ ಕಾಳು ತೆಗೆದು, ಬೆರೆಸಿ ನೋಡಿ.

ಯಾಕಿಷ್ಟು ಹಟ ಅಂದರೆ, ಲೆಕ್ಕ ಹೀಗಿದೆ. ಶೇ 14 ತೇವದ ನೂರು ಕ್ವಿಂಟಲ್ ತೊಗರಿಯನ್ನು ದಾಸ್ತಾನಿಗೆ ಯೋಗ್ಯವಾದ ಶೇ 10ಕ್ಕೆ ಇಳಿಸಿದರೆ ಉಳಿಯುವುದು ತೊಂಬತ್ತೈದೂವರೆ ಕ್ವಿಂಟಲ್. ಸುಮಾರು 444 ಕಿಲೋ ನೀರು ಹಾರಿಹೋಯಿತು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,000. ಆ ದರದಲ್ಲಿ ನೀವು ನೀರಿಗೆ ಕೊಟ್ಟದ್ದು ₹35,500. ಆ ನೀರನ್ನು ಯಂತ್ರದಲ್ಲಿ ಆರಿಸಬೇಕಾದರೆ ಕಡಿಮೆಯೆಂದರೂ 300 ಯೂನಿಟ್‌ಗೆ ಸಮನಾದ ಶಾಖ ಬೇಕು. ಡ್ರೈಯರ್‌ನ ಸೋರಿಕೆ ಸೇರಿದರೆ ಅದು ದುಪ್ಪಟ್ಟಾಗುವುದು ಸುಲಭ. ‘ನಾವು ಅಂಗಳದ ಬಿಸಿಲಲ್ಲಿ ಹರಡುತ್ತೇವೆ, ಬಿಸಿಲಿಗೆ ಬಿಲ್ಲಿಲ್ಲ’ ಎನ್ನಬಹುದು. ಹರಡಿ, ಮಗುಚಿ, ಒಟ್ಟುವ ಹಮಾಲರಿಗೆ ಕೂಲಿ ಇದೆ. ಎರಡು ದಿನ ಮೋಡ ಕವಿದರೆ ಖಾಲಿ ನಿಂತ ಮಿಲ್‌ನ ನಿಗದಿತ ಶುಲ್ಕವೂ ಇದೆ.

ಮಾಪಕದ ಅಂಕಿಯನ್ನು ರೈತನಿಗೆ ತೋರಿಸಿ. ಎಷ್ಟು ತೇವಕ್ಕೆ ಎಷ್ಟು ಕಡಿತ ಎಂಬ ಪಟ್ಟಿಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಗೋಡೆಗೆ ಅಂಟಿಸಿ. ಒಣಗಿಸಿ ತಂದವನಿಗೆ ಕಣ್ಣೆದುರೇ ಹೆಚ್ಚು ಸಿಕ್ಕರೆ ಮುಂದಿನ ವರ್ಷ ಅವನ ಓಣಿಯವರೂ ಒಣಗಿಸಿಯೇ ತರುತ್ತಾರೆ. ಕಲ್ಲುಮಣ್ಣಿನ ಅಂಗಳದಲ್ಲಿ ನಡೆಯುವ ಆ ಕೆಲಸಕ್ಕೆ ಒಂದು ಯೂನಿಟ್ ಕರೆಂಟೂ ಬೇಡ.

ಹೆಜ್ಜೆ 3: ಲಾಟ್ ಬೆರೆಸಬೇಡಿ

ಟಿಎಸ್–3ಆರ್, ಬಿಎಸ್‌ಎಂಆರ್–736, ಆಶಾ ತಳಿಯ ತೊಗರಿ ಎಲ್ಲವನ್ನೂ ಒಂದೇ ಗುಡ್ಡೆಗೆ ಸುರಿದರೆ ಎಮರಿ ರೋಲರ್‌ನ ಸಂದು ಯಾವ ಕಾಳಿಗೆ ಹೊಂದಿಸುತ್ತೀರಿ? ದಪ್ಪ ಕಾಳಿಗೆ ಹೊಂದಿಸಿದರೆ ಸಣ್ಣದು ಹೊಟ್ಟು ಬಿಡದೆ ಜಾರುತ್ತದೆ, ಸಣ್ಣದಕ್ಕೆ ಬಿಗಿ ಮಾಡಿದರೆ ದಪ್ಪ ಕಾಳು ಪುಡಿಯಾಗುತ್ತದೆ. ಜಾರಿದ್ದು ಮತ್ತೆ ಎಲಿವೇಟರ್ ಏರಬೇಕು. ಕೊಳ್ಳುವಾಗಲೇ ತಳಿ, ಗಾತ್ರ, ತೇವ ಮೂರನ್ನೂ ಚೀಲದ ಮೇಲೆ ಬಣ್ಣದ ಗುರುತಿನಲ್ಲಿ ಹಾಕಿ, ಬೇರೆ ಬೇರೆ ಒಟ್ಟಿ. ಜಾಲರಿಯಲ್ಲಿ ಗ್ರೇಡ್ ಮಾಡಿದ ಮೇಲೆಯೇ ರೋಲರ್‌ಗೆ ಕೊಡಿ. ಗ್ರೇಡರ್‌ನ ಮೋಟಾರು ಚಿಕ್ಕದು, ರೋಲರ್‌ನದು ದೊಡ್ಡದು. ಕೆಲಸವನ್ನು ಚಿಕ್ಕದರಿಂದಲೇ ಮಾಡಿಸಿಕೊಳ್ಳುವುದು ಜಾಣತನ.

ಹೆಜ್ಜೆ 4: ಹಂಗಾಮಿಗೆ ತಕ್ಕ ದಾಸ್ತಾನು

ಮ್ಯಾನೇಜ್‌ಮೆಂಟ್ ಪುಸ್ತಕಗಳು ಟೊಯೊಟಾ ಕಂಪನಿಯ ಮಾದರಿ ಹೇಳುತ್ತವೆ: ಬೇಕಾದಾಗ ಬೇಕಾದಷ್ಟೇ ತರಿಸು, ಗೋದಾಮು ಖಾಲಿ ಇಡು. ಬಿಡದಿಯಲ್ಲಿ ಕಾರು ಮಾಡುವವರಿಗೆ ಅದು ಸರಿ. ತೊಗರಿ ಬರುವುದು ವರ್ಷಕ್ಕೊಮ್ಮೆ, ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ಆಗ ಕೊಳ್ಳದವನು ಆಷಾಢದಲ್ಲಿ ದುಬಾರಿಗೆ ಕೊಳ್ಳಬೇಕು. ಹಾಗೆಂದು ಗೋದಾಮು ತುಂಬಿಸಿಬಿಟ್ಟರೂ ಕಷ್ಟ. ₹8,000ದ ಕಾಳಿಗೆ ವರ್ಷಕ್ಕೆ ಶೇ 12 ಬಡ್ಡಿ ಹಿಡಿದರೆ ಕ್ವಿಂಟಲ್‌ಗೆ ತಿಂಗಳಿಗೆ ₹80. ಈ ಅಂಕಿಯನ್ನು ಹೆಜ್ಜೆ 1ರಲ್ಲಿ ಸಿಕ್ಕ ಕರೆಂಟ್ ಖರ್ಚಿನ ಪಕ್ಕದಲ್ಲೇ ಬರೆದಿಡಿ. ಯಾವುದರ ಬಗ್ಗೆ ಮೊದಲು ತಲೆ ಕೆಡಿಸಿಕೊಳ್ಳಬೇಕು ಎಂಬುದು ಅಲ್ಲೇ ಕಾಣುತ್ತದೆ.

ಸರ್ಕಾರದ ಕಡೆಗೂ ಒಂದು ಕಣ್ಣಿರಲಿ. 2024ರ ಜೂನ್ 21ರಂದು ಕೇಂದ್ರವು ತೊಗರಿ, ಕಡಲೆಗೆ ಸೆಪ್ಟೆಂಬರ್ 30ರವರೆಗೆ ದಾಸ್ತಾನು ಮಿತಿ ಹೇರಿತ್ತು. ಮಿಲ್‌ಗಳಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 25, ಇವೆರಡರಲ್ಲಿ ಹೆಚ್ಚಿನದಷ್ಟೇ ಇಟ್ಟುಕೊಳ್ಳಲು ಅವಕಾಶವಿತ್ತು. ಮೊಜಾಂಬಿಕ್‌ನಿಂದಲೋ ಮ್ಯಾನ್ಮಾರ್‌ನಿಂದಲೋ ತೊಗರಿಯ ಹಡಗು ಬಂತೆಂದರೆ ಗಾಂಧಿ ಗಂಜ್‌ನ ದರವೂ ಅಲುಗುತ್ತದೆ. ಆದ್ದರಿಂದ ಖರೀದಿಯನ್ನು ಮೂರು ನಾಲ್ಕು ಕಂತಿಗೆ ಹಂಚಿ, ಮಿಲ್‌ಗೆ ವರ್ಷವಿಡೀ ಬೇರೆ ಬೇರೆ ಕಾಳಿನ ಕೆಲಸ ಕೊಡಿ: ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೆಸರು, ಅದರ ಬೆನ್ನಿಗೆ ಉದ್ದು, ಚಳಿಗಾಲಕ್ಕೆ ತೊಗರಿ, ಶಿವರಾತ್ರಿ ಹೊತ್ತಿಗೆ ಕಡಲೆ. ಅಕ್ಟೋಬರ್‌ನಲ್ಲಿ ಔರಾದ್, ಭಾಲ್ಕಿಯ ಸೋಯಾ ಬರುತ್ತದೆ. ಅದು ದಾಲ್ ಮಿಲ್‌ನ ಸರಕಲ್ಲ ನಿಜ. ಆದರೂ ಕ್ಲೀನಿಂಗ್ ಸಾಲನ್ನು ಬಾಡಿಗೆಗೆ ಓಡಿಸಿದರೆ ನಿಗದಿತ ಶುಲ್ಕದ ಒಂದು ಪಾಲಾದರೂ ಹುಟ್ಟುತ್ತದೆ.

ಕಾಳುಹುಳದ ಮೊಟ್ಟೆ ಹೊಲದಿಂದಲೇ ಬಂದಿರುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಎರಡು ಅಡಿ ದೂರ ಒಟ್ಟಿ. ಮೊದಲು ಬಂದದ್ದು ಮೊದಲು ಹೋಗಲಿ. ಹುಳ ಕೊರೆದ ಕಾಳು ರೋಲರ್ ಮೇಲೆ ಒಡೆದು ಪುಡಿಯಾಗುತ್ತದೆ.

ಹೆಜ್ಜೆ 5: ಲಾರಿ ಖಾಲಿ ಬರದಿರಲಿ

ಬೀದರ್‌ನಿಂದ ಔರಾದ್‌ಗೂ ಭಾಲ್ಕಿಗೂ ಸುಮಾರು 40 ಕಿಲೋಮೀಟರ್. ಕಾಳು ತರಲು ಖಾಲಿ ಹೋಗುವ ಲಾರಿ ಅರ್ಧ ದಾರಿಯ ಡೀಸೆಲನ್ನು ಗಾಳಿಗೆ ಸುಡುತ್ತದೆ. ಹೋಗುವಾಗ ಚುನ್ನಿ, ಹೊಟ್ಟು, ಖಾಲಿ ಬಾರದಾನ ಹೇರಿ ಕಳಿಸಿ. ಹಾಲು ಕರೆಯುವ ಊರುಗಳಲ್ಲಿ ಚುನ್ನಿಗೆ ಗಿರಾಕಿ ಇದ್ದೇ ಇದೆ. ಕಮಲನಗರ ಕಡೆಯ ರೈತನಿಗೆ ಬೀದರ್‌ಗಿಂತ ಉದಗೀರ್ ಹತ್ತಿರ, ಅಲ್ಲಿಯ ಮಿಲ್‌ಗಳೂ ದೊಡ್ಡವು. ಅವನನ್ನು ಹಿಡಿದಿಡಬೇಕಾದರೆ ಅವನ ಊರಿನ ರೈತ ಉತ್ಪಾದಕ ಕಂಪನಿಯ ಅಂಗಳದಲ್ಲೇ ಕಾಟಾ, ಜಾಲರಿ ಇಡುವುದು ಒಳ್ಳೆಯದು. ಅಲ್ಲೇ ಕಸಕಡ್ಡಿ ಬೇರೆಯಾದರೆ ಮಣ್ಣು, ಕಲ್ಲನ್ನು ಬೀದರ್‌ವರೆಗೆ ಹೊತ್ತು ತರುವ ಬಾಡಿಗೆಯೂ ಉಳಿಯಿತು. ಕಾಳು ಸಾಗಿಸುವ ಕೆಲಸ ಮೇ ಒಳಗೆ ಮುಗಿಯಲಿ. ಮಳೆ ಬಿದ್ದ ಮೇಲೆ ಔರಾದ್‌ನ ಎರೆಮಣ್ಣಿನ ದಾರಿಗಿಳಿದ ಲಾರಿಯನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಕಾಗುತ್ತದೆ.

ಹೆಜ್ಜೆ 6: ಈಗ ಮಿಲ್ ಒಳಗೆ ಬನ್ನಿ

ಇಲ್ಲಿಯವರೆಗಿನದು ಮಾಡದೆ ನೇರ ಮೋಟಾರ್ ಬದಲಿಸಲು ಹೊರಡುವವರೇ ಹೆಚ್ಚು. ಮೋಟಾರ್ ಮಾರುವವರು ಮನೆ ಬಾಗಿಲಿಗೆ ಬರುತ್ತಾರೆ, ತೇವಾಂಶ ಕಲಿಸುವವರು ಬರುವುದಿಲ್ಲ.

ಮೊದಲು ಕಂಪ್ರೆಸರ್ ನೋಡಿ. ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಓಡುವುದು ಗಾಳಿಯ ಒತ್ತಡದ ಮೇಲೆ. ಮಿಲ್ ಬಂದ್ ಇರುವ ದಿನ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ. ಗಾಳಿ ಎಲ್ಲೂ ಬಳಕೆಯಾಗುತ್ತಿಲ್ಲ, ಅಂದರೆ ಒಮ್ಮೆ ತುಂಬಿದ ಮೇಲೆ ಅದು ಸುಮ್ಮನಿರಬೇಕು. ಗಡಿಯಾರ ಹಿಡಿದು ನೋಡಿ: ಮೂರು ನಿಮಿಷ ಲೋಡ್, ಒಂಬತ್ತು ನಿಮಿಷ ಅನ್‌ಲೋಡ್ ಎಂದು ಸುತ್ತುತ್ತಿದ್ದರೆ ಹನ್ನೆರಡರಲ್ಲಿ ಮೂರು, ಅಂದರೆ ಕಾಲು ಭಾಗ ಗಾಳಿ ಸೋರುತ್ತಿದೆ. ಸೋಪಿನ ನೊರೆ ಹಚ್ಚುತ್ತಾ ಪೈಪಿನ ಗಂಟುಗಳಲ್ಲಿ ಗುಳ್ಳೆ ಹುಡುಕಿ. ರಿಪೇರಿಗೆ ಬೇಕಾದದ್ದು ಟೇಪು, ಕ್ಲಾಂಪು, ಒಂದು ಮಧ್ಯಾಹ್ನ. ಒತ್ತಡವನ್ನೂ ಯಂತ್ರ ಕೇಳುವಷ್ಟಕ್ಕೇ ಇಳಿಸಿ. ಒಂದು ಬಾರ್ ಇಳಿದರೆ ಕಂಪ್ರೆಸರ್‌ನ ಕರೆಂಟ್ ಸುಮಾರು ಶೇ 6–7 ಇಳಿಯುತ್ತದೆ.

ಆಮೇಲೆ ಹೊಟ್ಟು ಎಳೆಯುವ ಬ್ಲೋವರ್. ಗಾಳಿ ಹೆಚ್ಚಾಯಿತೆಂದು ತಗಡು ಅಡ್ಡ ಇಟ್ಟು ತಡೆಯುವುದು ನಮ್ಮಲ್ಲಿ ರೂಢಿ. ಅದರ ಬದಲು ಪುಲ್ಲಿ ಬದಲಿಸಿ ಅಥವಾ ವಿಎಫ್‌ಡಿ ಎಂಬ ನಿಯಂತ್ರಕ ಹಾಕಿ ವೇಗ ಇಳಿಸಿ. ಬ್ಲೋವರ್‌ನ ವೇಗ ಐದರಲ್ಲಿ ಒಂದು ಪಾಲು ತಗ್ಗಿದರೆ ಅದಕ್ಕೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ.

ಮೋಟಾರಿನ ಸರದಿ ಕೊನೆಗೆ. ಹಲವು ಸಲ ರಿವೈಂಡ್ ಆದ 15 ಕಿಲೋವಾಟ್ ಮೋಟಾರಿನ ದಕ್ಷತೆ ಶೇ 86ಕ್ಕೆ ಇಳಿದಿದೆ ಎಂದುಕೊಳ್ಳಿ. ಐಇ3 ದರ್ಜೆಯ ಹೊಸದರದು ಶೇ 92.1. 12 ಕಿಲೋವಾಟ್ ಹೊರೆಯಲ್ಲಿ, ವರ್ಷಕ್ಕೆ 2,500 ತಾಸು ಓಡಿದರೆ 2,300 ಯೂನಿಟ್ ಉಳಿತಾಯ. ವರ್ಷವಿಡೀ ಓಡುವ ರೋಲರ್‌ಗೆ ಇದು ಲಾಭದ ಬಾಬ್ತು. ಹಂಗಾಮಿನಲ್ಲಿ ಎರಡು ತಿಂಗಳು ಮಾತ್ರ ತಿರುಗುವ ಮೋಟಾರಿಗೆ ಈಗಲೇ ದುಡ್ಡು ಹಾಕಬೇಡಿ. ಅದು ಸುಟ್ಟ ದಿನ ರಿವೈಂಡಿಂಗ್‌ಗೆ ಕೊಡದೆ ಹೊಸದು ತನ್ನಿ.

ಕರೆಂಟ್ ಹೋದಾಗ ಬಕೆಟ್ ಎಲಿವೇಟರ್ ತುಂಬಿಕೊಂಡೇ ನಿಲ್ಲುತ್ತದೆ. ಮತ್ತೆ ಬಂದಾಗ ತುಂಬಿದ ಹೊರೆಯ ಮೇಲೆಯೇ ಸ್ವಿಚ್ ಒತ್ತಿದರೆ ಮೋಟಾರು ಸುಡುತ್ತದೆ. ತಳದ ಬಾಗಿಲು ತೆಗೆದು ಕಾಳು ಖಾಲಿ ಮಾಡಿಯೇ ಚಾಲೂ ಮಾಡುವಂತೆ ಮಿಸ್ತ್ರಿಗೆ ಹೇಳಿಡಿ. ಒಂದು ಲೀಟರ್ ಡೀಸೆಲ್‌ಗೆ ಸಣ್ಣ ಜನರೇಟರ್ ಕೊಡುವುದು ಮೂರು, ಮೂರೂವರೆ ಯೂನಿಟ್. ಲೀಟರ್ ₹90 ಎಂದು ಹಿಡಿದರೂ ಯೂನಿಟ್‌ಗೆ ₹25 ದಾಟುತ್ತದೆ. ಆ ದರದಲ್ಲಿ ರೋಲರ್ ಓಡಿಸುವುದು ಬೇಡ.

ಹೆಜ್ಜೆ 7: ಬಿಲ್ಲನ್ನು ಪೂರ್ತಿ ಓದಿ

ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಬೇಡಿ. ಮಂಜೂರಾದ ಹೊರೆ ಎಷ್ಟು, ನಿಜಕ್ಕೂ ಏರಿದ್ದು ಎಷ್ಟು, ಪವರ್ ಫ್ಯಾಕ್ಟರ್ ದಂಡ ಇದೆಯೇ, ಈ ಮೂರನ್ನು ಹುಡುಕಿ. ದಂಡವಿದ್ದರೆ ಕೆಪಾಸಿಟರ್ ಕೆಟ್ಟಿರಬಹುದು. ಹೊರೆ ಬದಲಾದಂತೆ ತಾನೇ ಹೊಂದಿಕೊಳ್ಳುವ ಪ್ಯಾನೆಲ್ ಹಾಕಿಸಿ. ಎಚ್‌ಟಿ ಸಂಪರ್ಕವಾದರೆ ಸಮಯಕ್ಕೆ ತಕ್ಕ ದರ ಅನ್ವಯಿಸುತ್ತದೆಯೇ ಎಂದು ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಹಂಗಾಮಿ ಉದ್ದಿಮೆಗಳಿಗೆ ದರಪಟ್ಟಿಯಲ್ಲಿರುವ ಪ್ರತ್ಯೇಕ ನಿಯಮವನ್ನೂ ಅಲ್ಲೇ ಕೇಳಿ.

ಸೋಲಾರ್ ಹಾಕುವುದಾದರೆ ಗೋದಾಮಿನ ಚಾವಣಿಯ ಮೇಲಿರಲಿ. ಒಣಗಿಸುವ ಅಂಗಳದ ಮೇಲೆ ನೆರಳು ಬಿದ್ದರೆ ಪುಕ್ಕಟೆ ಬಿಸಿಲನ್ನು ಕೊಟ್ಟು ಕರೆಂಟ್ ಕೊಂಡಂತೆ. ಹೊಟ್ಟು ಬೇರ್ಪಡಿಸುವ ಸೈಕ್ಲೋನ್‌ನ ಬಾಯಿ ಯಾವ ಕಡೆಗಿದೆ ನೋಡಿಕೊಂಡು ಜಾಗ ಆರಿಸಿ. ಹೊಟ್ಟಿನ ಧೂಳು ಕೂತ ಪ್ಯಾನೆಲ್ ತೊಳೆಯಲು ನೀರೂ ಆಳೂ ಬೇಕು.

ಹೆಜ್ಜೆ 8: ದುಡ್ಡಿಗೆ ಎಲ್ಲಿ ಹೋಗುವುದು

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಹಾಯಧನ ಶೇ 35, ಗರಿಷ್ಠ ₹10 ಲಕ್ಷ. ಕರ್ನಾಟಕ ಅದಕ್ಕೆ ಶೇ 15 ಸೇರಿಸಿ, ಒಟ್ಟು ಮಿತಿಯನ್ನು ₹15 ಲಕ್ಷಕ್ಕೆ ಏರಿಸಿತು. ರಾಜ್ಯದಲ್ಲಿ ಇದರ ಹೊಣೆ ಕೆಪೆಕ್ ಸಂಸ್ಥೆಯದು. ಈ ಸಾಲಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಿ, ಆಮೇಲೆ ಕೊಟೇಶನ್ ತರಿಸಿ. ಇಂಧನ ದಕ್ಷತೆಗೆ ರಾಜ್ಯದ ಅಧಿಕೃತ ಸಂಸ್ಥೆ ಕ್ರೆಡಲ್. ತಳಿ, ಒಣಗಿಸುವಿಕೆ, ದಾಸ್ತಾನಿನ ಪ್ರಶ್ನೆಗಳಿಗೆ ಬೀದರ್ ಹತ್ತಿರದ ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಬ್ಯಾಂಕಿಗೆ ಹೋಗುವಾಗ ಹನ್ನೆರಡು ತಿಂಗಳ ಬಿಲ್ಲು ಮತ್ತು ಹೆಜ್ಜೆ 1ರ ಪುಸ್ತಕ ಎರಡನ್ನೂ ಒಯ್ಯಿರಿ. ಯಂತ್ರ ಮಾರುವವರು ಶೇ 30 ಉಳಿತಾಯ ಎಂದರೆ ಯಾವ ಲಾಟ್ ಮೇಲೆ, ಎಷ್ಟು ತೇವಕ್ಕೆ ಎಂದು ಕೇಳಿ. ನಿಮ್ಮದೇ ಕಾಳಿನ ಇಪ್ಪತ್ತು ಕ್ವಿಂಟಲ್ ಓಡಿಸಿ, ಮೀಟರ್ ನೋಡಿದ ಮೇಲೆಯೇ ಮುಂಗಡ ಕೊಡಿ.